ಜಾತ್ರೆಯ ಬಯಲೂ ನೆರೆಯವನ ಅಂಗಡಿಯೂ

ಧಾರವಾಡ ಜಿಲ್ಲೆಯಲ್ಲಿ ಸೌಹಾರ್ದದ ಸಭೆ ಎಲ್ಲಿಯೇ ನಡೆಯಲಿ, ಅಲ್ಲಿ ಮೂರು ಹೆಸರುಗಳು ತಪ್ಪದೆ ಬರುತ್ತವೆ: ಪಂಪ, ಗೋವಿಂದ ಭಟ್ಟರು, ಶಿಶುನಾಳದ ಶರೀಫರು. ಪಂಪನ ತಾಯಿಯ ಕಡೆಯವರು ಅಣ್ಣಿಗೇರಿಯವರು. ಗೋವಿಂದ ಭಟ್ಟರ ಊರಾದ ಕಳಸ ಕುಂದಗೋಳ ತಾಲೂಕಿನದು. ಶರೀಫರ ಶಿಶುನಾಳ ಇಂದು ಹಾವೇರಿ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಧಾರವಾಡದ ಮಡಿಲಲ್ಲಿಯೇ ಇದ್ದಿತು. ಮನುಷ್ಯಕುಲ ಒಂದೇ ಎಂದು ಹತ್ತನೆಯ ಶತಮಾನದಲ್ಲಿ ಸಾರಿದ ಕವಿಯ ನೆನಪಿನಿಂದ ಭಾಷಣ ಮೊದಲಾಗುತ್ತದೆ. ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದರೆಂದು ಜನ ನಂಬಿರುವ ಬ್ರಾಹ್ಮಣ ಗುರುವಿನ ಕಥೆಯಿಂದ ಅದು ಏರುತ್ತದೆ. ತತ್ತ್ವಪದವೊಂದರ ಹಾಡಿಕೆಯೊಂದಿಗೆ ಸಭೆ ಮುಗಿಯುತ್ತದೆ. ಎಲ್ಲರೂ ಪ್ರಸನ್ನಚಿತ್ತರಾಗಿ ಮನೆಗೆ ಹೋಗುತ್ತಾರೆ.

ಈ ಮೂವರ ವಿಷಯದಲ್ಲಿ ನನಗೆ ಯಾರಿಗಿಂತಲೂ ಕಡಿಮೆ ಗೌರವವಿಲ್ಲ. ಈ ಭಾಗದ ಶಾಲೆಗಳಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದ ನಾನು ಅವರ ಹೆಸರನ್ನು ಮಕ್ಕಳ ಕಿವಿಯ ಮೇಲೆ ಹಾಕುತ್ತಲೇ ಬಂದಿದ್ದೇನೆ. ಆದರೆ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಪರಂಪರೆ ಇಷ್ಟು ಸಮೃದ್ಧವಾಗಿರುವ ನೆಲದಲ್ಲಿ ದ್ವೇಷಕ್ಕೆ ಕಾಲೂರಲು ಇಷ್ಟು ಸುಲಭವಾಗಿ ಎಡೆ ಸಿಕ್ಕಿದ್ದು ಹೇಗೆ? ಸೌಹಾರ್ದವನ್ನು ನಾವು ಪಿತ್ರಾರ್ಜಿತ ಆಸ್ತಿಯೆಂದು ಎಣಿಸಿದೆವೋ ಏನೋ. ಹೊಲವನ್ನು ಉಳದೆ, ಬಿತ್ತದೆ, ಉತಾರವನ್ನು ಮಾತ್ರ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ರೈತನಿಗೆ ಸುಗ್ಗಿಯಲ್ಲಿ ಸಿಗುವುದೇನು?

2022ರ ಏಪ್ರಿಲ್ 9ರಂದು ನಡೆದ ಸಂಗತಿಯನ್ನು ವಾಚಕರು ಮರೆತಿರಲಾರರು. ಧಾರವಾಡದ ಅಂಚಿನಲ್ಲಿರುವ ನುಗ್ಗಿಕೇರಿ ಹನುಮಂತ ದೇವರ ಗುಡಿಯ ಆವರಣದಲ್ಲಿ ಅನೇಕ ವರ್ಷಗಳಿಂದ ಹಣ್ಣು ಮಾರುತ್ತಿದ್ದ ವೃದ್ಧ ಮುಸಲ್ಮಾನ ವ್ಯಾಪಾರಿಯೊಬ್ಬರ ಅಂಗಡಿಗೆ ಯುವಕರ ಗುಂಪೊಂದು ನುಗ್ಗಿ, ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕಪ್ಪಳಿಸಿ ಒಡೆಯಿತು. ಈ ಪ್ರಕರಣದಲ್ಲಿ ಶ್ರೀರಾಮಸೇನೆಯ ನಾಲ್ವರು ಕಾರ್ಯಕರ್ತರನ್ನು ಪೊಲೀಸರು ಬಂಧಿಸಿದರು. ಒಡೆದ ಹಣ್ಣುಗಳ ಚಿತ್ರ ದೇಶದ ತುಂಬ ಹರಡಿತು. ಮತಭೇದವೆಣಿಸದೆ ಹಲವರು ಆ ವೃದ್ಧರಿಗೆ ನೆರವಾದರೆಂಬುದೂ ಅಷ್ಟೇ ನಿಜ.

ಅದು ಒಂಟಿ ಘಟನೆಯಾಗಿರಲಿಲ್ಲ. ಆ ವರ್ಷದ ಆರಂಭದಲ್ಲಿ ಹಿಜಾಬಿನ ವಿವಾದ ಕಾಲೇಜುಗಳ ಬಾಗಿಲಿಗೆ ಬಂದಿತ್ತು. ಮಾರ್ಚ್ 15ರಂದು ರಾಜ್ಯದ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅದನ್ನು ಒಪ್ಪದ ಮುಸಲ್ಮಾನ ವ್ಯಾಪಾರಿಗಳು ಎರಡು ದಿನಗಳ ತರುವಾಯ ಅಂಗಡಿಗಳನ್ನು ಮುಚ್ಚಿದರು. ಅದನ್ನೇ ನೆಪಮಾಡಿಕೊಂಡು ಕರಾವಳಿಯ ಜಾತ್ರೆಗಳಲ್ಲಿ ಅವರಿಗೆ ಅಂಗಡಿ ಹಾಕಲು ಎಡೆ ಕೊಡಬಾರದೆಂಬ ಫಲಕಗಳು ಎದ್ದವು. ಕೆಲವೇ ವಾರಗಳಲ್ಲಿ ಆ ಮಾತು ಘಟ್ಟವನ್ನು ಹತ್ತಿ, ಮಲೆನಾಡನ್ನು ದಾಟಿ, ಎರೆಹೊಲದ ಸೀಮೆಗೂ ಬಂದಿತು. ಹಲಾಲ್ ಮಾಂಸದ ತಕರಾರು, ಮಸೀದಿಯ ಧ್ವನಿವರ್ಧಕದ ತಕರಾರು ಒಂದರ ಹಿಂದೊಂದು ಬಂದವು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ದ್ವೇಷವು ತನ್ನ ಗುರಿಯನ್ನಾಗಿ ಆರಿಸಿಕೊಂಡದ್ದು ಧರ್ಮಶಾಸ್ತ್ರವನ್ನಲ್ಲ, ಅಂಗಡಿಯನ್ನು. ಪಂಡಿತರ ವಾದಸಭೆಯನ್ನಲ್ಲ, ಜಾತ್ರೆಯ ಬಯಲನ್ನು. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಜಾತ್ರೆಯೆಂದರೆ ದೇವರ ಉತ್ಸವ ಮಾತ್ರವಲ್ಲ. ಒಂದು ಊರು ವರ್ಷಕ್ಕೊಮ್ಮೆ ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ದಿನ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಬೀಗರು ಬರುತ್ತಾರೆ. ತೇರಿನ ದಾರಿಯ ಎರಡೂ ಬದಿಗೆ ಬಳೆ, ಬೆಂಡು ಬೆತ್ತಾಸು, ಮಿರ್ಚಿ, ಗಿರಮಿಟ್ಟು, ಆಟಿಕೆ ಸಾಮಾನುಗಳ ಸಾಲು ಕೂಡುತ್ತದೆ. ಆ ಸಾಲಿನಲ್ಲಿ ಯಾರು ಕೂಡಬಹುದು, ಯಾರು ಕೂಡಬಾರದು ಎಂದು ಹೇಳುವ ಅಧಿಕಾರ ಸಿಕ್ಕರೆ ಊರು ಯಾರದು ಎಂದು ಹೇಳುವ ಅಧಿಕಾರವೇ ಸಿಕ್ಕಂತೆ. ಬಹಿಷ್ಕಾರದ ಕರೆ ಕೊಟ್ಟವರು ಇದನ್ನು ಚೆನ್ನಾಗಿ ಅರಿತಿದ್ದರು. ಸೌಹಾರ್ದದ ಸಭೆ ನಡೆಸುವ ನಾವು ಅಷ್ಟು ಚೆನ್ನಾಗಿ ಅರಿಯಲಿಲ್ಲ.

ಕಾನೂನಿನ ಮಾತೂ ಬಂದಿತು. ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆಯಡಿ 2002ರಲ್ಲಿ ರಚಿತವಾದ ನಿಯಮಗಳಲ್ಲಿ, ಸಂಸ್ಥೆಯ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ ಮಾತಿದೆ. 2022ರಲ್ಲಿ ಅಂದಿನ ಕಾನೂನು ಮಂತ್ರಿಗಳು ವಿಧಾನಸಭೆಯಲ್ಲಿ ಅದನ್ನು ಎತ್ತಿ ತೋರಿಸಿದರು. ನಿಯಮವಾದಾಗ ರಾಜ್ಯದಲ್ಲಿದ್ದುದು ಕಾಂಗ್ರೆಸ್ ಸರಕಾರ. ಅದನ್ನು ಎತ್ತಿ ತೋರಿಸಿದಾಗ ಇದ್ದುದು ಭಾರತೀಯ ಜನತಾ ಪಕ್ಷದ ಸರಕಾರ. ಪಕ್ಷಗಳ ಜಗಳವನ್ನು ಪಕ್ಷಗಳಿಗೇ ಬಿಡೋಣ. ನಿಯಮವಿರುವುದು ದೇವಾಲಯದ ಆಸ್ತಿಯ ಗುತ್ತಿಗೆಯನ್ನು ಕುರಿತು. ಊರ ರಸ್ತೆ, ಸಂತೆಯ ಬಯಲು, ಪಂಚಾಯಿತಿಯ ಜಾಗ ದೇವಾಲಯದ ಆಸ್ತಿಯಲ್ಲ. ಮಠಗಳಿಗಂತೂ ಆ ಕಾಯಿದೆಯೇ ಅನ್ವಯಿಸುವುದಿಲ್ಲ. ನಮ್ಮ ಕಡೆಯ ಎಷ್ಟೋ ದೊಡ್ಡ ಜಾತ್ರೆಗಳು ಮಠಗಳ ಜಾತ್ರೆಗಳು. ಅಂಗಡಿ, ಬಾವಿ, ಕೆರೆ, ರಸ್ತೆಗಳ ಬಳಕೆಯಲ್ಲಿ ಧರ್ಮ ಜಾತಿಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಂವಿಧಾನದ 15ನೆಯ ವಿಧಿ ಹೇಳುತ್ತದೆ. ಬೀದಿ ವ್ಯಾಪಾರಿಗಳ ಜೀವನೋಪಾಯದ ರಕ್ಷಣೆಗಾಗಿ 2014ರಲ್ಲಿ ಸಂಸತ್ತೇ ಕಾಯಿದೆ ಮಾಡಿದೆ. ಆದರೆ ತೇರಿನ ಹಿಂದಿನ ದಿನ ಬಳೆಯ ಪೆಟ್ಟಿಗೆ ಹೊತ್ತು ಬಂದ ಹೆಂಗಸಿಗೆ 15ನೆಯ ವಿಧಿಯನ್ನು ಓದಿ ಹೇಳುವವರು ಯಾರು? ಅವಳ ಮಟ್ಟಿಗೆ ಸಂವಿಧಾನವೆಂದರೆ ಜಾತ್ರಾ ಕಮಿಟಿಯವರ ಬಾಯಿಂದ ಬರುವ ಮಾತು.

ದ್ವೇಷ ನಗರದ ರೋಗ, ಹಳ್ಳಿ ಅದಕ್ಕೆ ಹೊರತು ಎನ್ನುವವರಿದ್ದಾರೆ. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯಲ್ಲಿ ಸುಮಾರು ಐವರಲ್ಲಿ ಒಬ್ಬರು ಮುಸಲ್ಮಾನರು. ಅವರಲ್ಲಿ ಬಹುಪಾಲು ಹುಬ್ಬಳ್ಳಿ ಧಾರವಾಡಗಳಲ್ಲಿ ಇದ್ದರೂ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಲ್ಲಿಯೂ ಕೆಲವು ಮನೆಗಳು ಇದ್ದೇ ಇವೆ. ಹಿಂದೆ ಈ ಮನೆಗಳಿಗೂ ಊರಿಗೂ ಇದ್ದ ಸಂಬಂಧ ಭಾವನೆಯದು ಮಾತ್ರವಾಗಿರಲಿಲ್ಲ, ಅವಶ್ಯಕತೆಯದಾಗಿತ್ತು. ಎತ್ತಿನ ಕಾಲಿಗೆ ಲಾಳ ಬಡಿಯಲು ನಾಲಬಂದ ಬೇಕು. ಹತ್ತಿ ಹಿಂಜಿ ಗಾದಿ ತುಂಬಲು ಪಿಂಜಾರ ಬೇಕು. ತಾಮ್ರ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಲು ಕಲಾಯಿಗಾರ ಬೇಕು. ಮದುವೆಗೆ ಬಳೆಗಾರ ಬೇಕು, ಹಣ್ಣಿಗೆ ಬಾಗವಾನ ಬೇಕು, ಊದುಬತ್ತಿ ಅತ್ತರಿಗೆ ಅತ್ತಾರ ಬೇಕು. ಸುಗ್ಗಿಯ ಕಾಲದಲ್ಲಿ ಜೋಳದ ರಾಶಿಯಿಂದ ಇವರ ಪಾಲು ಎತ್ತಿಡುವ ರೂಢಿ ಇತ್ತು. ರಾಶಿಯಲ್ಲಿ ಪಾಲು ಉಳ್ಳವನು ಊರಿಗೆ ಹೊರಗಿನವನಾಗುವುದು ಹೇಗೆ?

ಈಗ ಎತ್ತಿನ ಬದಲು ಟ್ರ್ಯಾಕ್ಟರ್ ಬಂದಿದೆ. ಅದಕ್ಕೆ ಲಾಳ ಬೇಡ. ತಾಮ್ರದ ಬದಲು ಸ್ಟೀಲು ಬಂದಿದೆ. ಅದಕ್ಕೆ ಕಲಾಯಿ ಬೇಡ. ಗಾದಿ ಪೇಟೆಯಿಂದ ಬರುತ್ತದೆ, ಬಳೆ ಫ್ಯಾನ್ಸಿ ಅಂಗಡಿಯಿಂದ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಕಾಲದ ನಡೆ ಹಾಗಿದೆ. ಆದರೆ ಹಳೆಯ ಅವಶ್ಯಕತೆಯೊಂದಿಗೆ ಪ್ರತಿದಿನದ ಮುಖಪರಿಚಯವೂ ಕಳಚಿಕೊಂಡಿತು. ನಾಲಬಂದನ ಮಗ ಹುಬ್ಬಳ್ಳಿಯ ಗ್ಯಾರೇಜು ಸೇರಿದ. ಗೌಡರ ಮೊಮ್ಮಗ ಅವನನ್ನು ನೋಡಿಯೇ ಇಲ್ಲ. ಆ ಮೊಮ್ಮಗನ ಪಾಲಿಗೆ ಮುಸಲ್ಮಾನನೆಂದರೆ ಮೊಬೈಲಿನಲ್ಲಿ ಬರುವ ಒಂದು ಚಿತ್ರ, ಒಂದು ಧ್ವನಿಮುದ್ರಿಕೆ, ಎಲ್ಲಿಯೋ ಯಾರೋ ಆಡಿದರೆಂದು ಹೇಳಲಾದ ಒಂದು ಮಾತು. ಚಾವಡಿಯಲ್ಲಿ ಕುಳಿತವನ ಕೈಯಲ್ಲಿ ನಗರದ ಕೋಪವೆಲ್ಲ ಇದೆ. ಅದನ್ನು ಒರೆಗೆ ಹಚ್ಚಿ ನೋಡಲು ನೆರೆಯವನ ಮುಖ ಮಾತ್ರ ಎದುರಿಗಿಲ್ಲ. ಹಳ್ಳಿಯಲ್ಲಿ ದ್ವೇಷಕ್ಕೆ ಅಂಗಳ ತೆರವಾದುದು ಹೀಗೆಂದು ನನ್ನ ತಿಳಿವಳಿಕೆ. ಹೀಗಿರುವುದರಿಂದಲೇ ಜಾತ್ರೆ ಸಂತೆಗಳ ಅಂಗಡಿಸಾಲಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ. ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಕಡೆಯ ಕೆಲವು ಸ್ಥಳಗಳಲ್ಲಿ ಅದೊಂದು.

ಹಾಗಾದರೆ ಪರಂಪರೆಗೆ ಬೆಲೆಯೇ ಇಲ್ಲವೆ? ಇದೆ. ಆದರೆ ಅದನ್ನು ಸರಿಯಾಗಿ ಓದಬೇಕು. ನವಲಗುಂದ ತಾಲೂಕಿನ ಯಮನೂರಿಗೆ ಹೋಗಿ ನೋಡಬಹುದು. ಬೆಣ್ಣಿಹಳ್ಳದ ದಂಡೆಯ ಆ ಸ್ಥಳದಲ್ಲಿರುವವರನ್ನು ಮುಸಲ್ಮಾನರು ರಾಜಾಬಾಗಸವಾರರೆನ್ನುತ್ತಾರೆ, ಹಿಂದೂಗಳು ಚಾಂಗದೇವರೆನ್ನುತ್ತಾರೆ. ಬಾಘ ಸವಾರನೆಂದರೆ ಹುಲಿಯೇರಿದವನು. ಹುಲಿಯ ಮೇಲೆ ಕುಳಿತು ಬಂದ ಯೋಗಿ ಚಾಂಗದೇವನ ಕಥೆಯೂ ಅದೇ. ಹೋಳಿಯ ಸುಮಾರಿಗೆ ಕೂಡುವ ಉರುಸಿನಲ್ಲಿ ಹಳ್ಳದಲ್ಲಿ ಮಿಂದು ಬರುವವರಲ್ಲಿ ಹಿಂದೂಗಳ ಸಂಖ್ಯೆಯೇ ದೊಡ್ಡದು. ಎಣ್ಣೆಯ ಬದಲು ನೀರಿನಿಂದ ದೀಪ ಉರಿಯುತ್ತದೆಂಬ ನಂಬಿಕೆ ಜನರನ್ನು ಅಲ್ಲಿಗೆ ಎಳೆಯುತ್ತದೆ. ನಂಬಿಕೆಯ ಸತ್ಯಾಸತ್ಯತೆ ನನ್ನ ವಿಷಯವಲ್ಲ. ಎರಡು ಹೆಸರುಗಳಿಂದ ಒಂದೇ ಗದ್ದುಗೆಯನ್ನು ಕರೆಯುವ ಜನ ಹೆಸರಿಗಾಗಿ ಜಗಳವಾಡದೆ ಬಂದುದು ಹೇಗೆ ಎಂಬುದು ನನ್ನ ವಿಷಯ. ಅದು ತಾನಾಗಿ ಆದುದಲ್ಲ. ಅಂಗಡಿಗೆ ನೆಲ, ಭಕ್ತರಿಗೆ ನೀರು, ಪೂಜೆಯ ಸರದಿ, ಕಾಣಿಕೆಯ ಲೆಕ್ಕ, ಇಂಥ ನೂರು ಸಣ್ಣ ಕೆಲಸಗಳಲ್ಲಿ ಎರಡೂ ಕಡೆಯವರು ಪ್ರತಿವರ್ಷ ಕೂಡಿ ಕೂಡದೆ ಯಾವ ಉರುಸೂ ಯಾವ ಜಾತ್ರೆಯೂ ನಡೆಯುವುದಿಲ್ಲ.

ನವಲಗುಂದ ಪಟ್ಟಣದ ಜಮಖಾನೆಯ ಮಾತೂ ಹೀಗೆಯೇ. ವಿಜಾಪುರದ ಆದಿಲಶಾಹಿ ಅಳಿದ ಮೇಲೆ ಬಂದು ನೆಲೆಸಿದವರೆಂದು ಹೇಳಲಾಗುವ ಮುಸಲ್ಮಾನ ಮನೆತನಗಳ ಹೆಂಗಸರು ಅದನ್ನು ನೇಯುತ್ತಾರೆ. ಪಗಡೆಯ ಹಾಸು, ನವಿಲು, ಹೂಬಳ್ಳಿಗಳು ಅವರ ಕೈಯ ಚಿತ್ತಾರಗಳು; ನಮಾಜಿನ ಹಾಸೂ ಅದೇ ಮಗ್ಗದಿಂದ ಇಳಿಯುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದರೂ ನೇಯುವ ಕೈಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಹಿಂದೂ ಮನೆಗಳ ಮದುವೆ ಮುಂಜಿವೆಗಳಲ್ಲಿ ಬೀಗರು ಕುಳಿತದ್ದು ಈ ಜಮಖಾನೆಗಳ ಮೇಲೆ. ನೇಯ್ದವಳ ಕಸುಬು ಅಳಿದರೆ ನಮ್ಮ ಸೌಹಾರ್ದದ ಒಂದು ಎಳೆ ಸದ್ದಿಲ್ಲದೆ ಹರಿಯುತ್ತದೆ. ಅದಕ್ಕೆ ಯಾವ ಗಲಭೆಯೂ ಬೇಕಾಗುವುದಿಲ್ಲ.

ಕುಂದಗೋಳವಂತೂ ಸಂಗೀತದ ಕ್ಷೇತ್ರ. ಅಲ್ಲಿಯ ರಾಮಭಾವು (1886–1952) ಕಿರಾನಾ ಘರಾಣೆಯ ಅಬ್ದುಲ್ ಕರೀಮಖಾನರ ಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿದರು. ಅವರ ಬಳಿ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನರು ಅಲ್ಲಾದಿಯಾಖಾನರ ಮಕ್ಕಳಾದ ಮಂಜೀಖಾನ, ಭೂರ್ಜೀಖಾನರ ಶಿಷ್ಯರು. ನಮ್ಮ ಜಿಲ್ಲೆಯ ಹೆಮ್ಮೆಯೆಂದು ನಾವು ಎಣಿಸುವ ಗಾಯನದಲ್ಲಿ ಉಸ್ತಾದರಿಗೆ ಋಣಿಯಲ್ಲದ ಸ್ವರವಿಲ್ಲ. ಈ ಸಂಬಂಧವೂ ವೇದಿಕೆಯ ಮೇಲೆ ಹುಟ್ಟಿದ್ದಲ್ಲ. ಗುರುವಿನ ಮನೆಯಲ್ಲಿ ನೀರು ಹೊತ್ತು, ಬೈಸಿಕೊಂಡು, ವರ್ಷಗಟ್ಟಲೆ ಒಂದೇ ಸ್ವರವನ್ನು ತಿದ್ದಿ ಸಂಪಾದಿಸುವ ವಿದ್ಯೆ ಅದು.

ಇನ್ನು ಮೊಹರಂ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಪಂಜಾ ಎತ್ತುವವರು, ಹೆಜ್ಜೆ ಹಾಕುವವರು, ರಿವಾಯತ ಪದ ಹಾಡುವವರು, ಹರಕೆ ಹೊತ್ತು ಫಕೀರರಾಗುವವರು ಬಹುಮಟ್ಟಿಗೆ ಹಿಂದೂಗಳೇ. ಪಕ್ಕದ ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಒಂದು ಮುಸಲ್ಮಾನ ಮನೆಯೂ ಇಲ್ಲದಿದ್ದರೂ ಊರವರು ಮೊಹರಂ ನಡೆಸಿಕೊಂಡು ಬಂದಿರುವುದು 2022ರಲ್ಲಿ ದೇಶದ ಪತ್ರಿಕೆಗಳ ಕಣ್ಣಿಗೆ ಬಿದ್ದಿತು. ಈ ವಿಷಯದಲ್ಲಿ ಡಾ. ರಹಮತ್ ತರೀಕೆರೆಯವರು ಮಾಡಿರುವ ಅಧ್ಯಯನ ನಮ್ಮ ಕಣ್ಣು ತೆರೆಸತಕ್ಕದ್ದು. ಆದರೆ ದೇವರನ್ನು ಉಳಿಸಿಕೊಂಡು ದೇವರ ಜನರನ್ನು ಬಿಟ್ಟುಬಿಡುವ ಅಪಾಯವೂ ಇದರಲ್ಲಿದೆ. ಪಂಜಾಕ್ಕೆ ಸಕ್ಕರೆ ಓದಿಸಿದ ಕೈಯೇ ಮರುದಿನ ಮುಜಾವರನ ಮಗನ ಅಂಗಡಿಯಲ್ಲಿ ಸಾಮಾನು ಕೊಳ್ಳಬೇಡವೆಂಬ ಸಂದೇಶವನ್ನು ಮುಂದಕ್ಕೆ ಕಳಿಸುವುದನ್ನು ನಾನು ಕಂಡಿದ್ದೇನೆ. ಅವನ ಮನಸ್ಸಿನಲ್ಲಿ ಇವೆರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಪರಂಪರೆ ಮಾತ್ರದಿಂದ ದ್ವೇಷ ತಡೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ತಡೆದುದು ಯಾವುದು? 2022ರಲ್ಲಿಯೇ ಉತ್ತರವೂ ಸಿಕ್ಕಿದೆ. ಬೆಂಗಳೂರು ಕರಗವು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಬಾರದೆಂಬ ಒತ್ತಾಯ ಬಂದಾಗ, ಹಿಂದಿನಿಂದ ಬಂದ ಕ್ರಮ ತಪ್ಪುವುದಿಲ್ಲವೆಂದು ಕರಗದ ಸಮಿತಿಯವರೇ ಹೇಳಿದರು. ಆ ಏಪ್ರಿಲಿನಲ್ಲಿ ಕರಗ ದರ್ಗಾಕ್ಕೆ ಹೋಗಿ ಬಂದಿತು. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಕುರಾನಿನ ಪಠಣ ನಿಲ್ಲಲಿ ಎಂಬ ಕೂಗಿನ ನಡುವೆಯೂ ಆ ವರ್ಷ ಪಠಣವಾಗಿ ತೇರು ಹೊರಟಿತು. ಮೇ 14ರಂದು ಉಡುಪಿಯಲ್ಲಿ ಸಹಬಾಳ್ವೆಯ ಸಮಾವೇಶ ನಡೆದು ನಾನಾ ಧರ್ಮದವರು ಒಂದೇ ಮೆರವಣಿಗೆಯಲ್ಲಿ ನಡೆದರು. ಇವುಗಳಲ್ಲಿ ನನಗೆ ಮೊದಲ ಪ್ರಸಂಗ ಹೆಚ್ಚು ಮುಖ್ಯವೆಂದು ತೋರುತ್ತದೆ. ಮೆರವಣಿಗೆ ಒಂದು ದಿನದ್ದು. ಸಮಿತಿಯ ನಿರ್ಧಾರ ಹಾಗಲ್ಲ. ಹೇಳುವ ಅಧಿಕಾರವುಳ್ಳವರು ಹೇಳಬೇಕಾದ ದಿನ ಹೇಳಿದ ಮಾತು ಅದು.

ನಮ್ಮ ಹುಬ್ಬಳ್ಳಿಯ ಈದಗಾ ಮೈದಾನದ ಕಥೆಯೂ ಇದನ್ನೇ ಕಲಿಸುತ್ತದೆ. 1994ರ ಆಗಸ್ಟ್ 15ರಂದು ಧ್ವಜ ಹಾರಿಸುವ ವಿಷಯಕ್ಕೆ ಗಲಭೆಯೆದ್ದು ಗೋಲೀಬಾರಿನಲ್ಲಿ ಜನ ಸತ್ತರು. ಮರುವರ್ಷ ಅಂಜುಮನ್ ಸಂಸ್ಥೆಯವರೇ ಅಲ್ಲಿ ಧ್ವಜವೇರಿಸುವಂತಾದಾಗ ಆ ಕಿಚ್ಚು ತಣಿಯಿತು. ಪೊಲೀಸರ ಬಂದೂಕು ಮಾಡಲಾರದ ಕೆಲಸವನ್ನು ಮಾತುಕತೆ ಮಾಡಿತು. ಮೈದಾನದ ಪ್ರಶ್ನೆ ಆಮೇಲೆಯೂ ನ್ಯಾಯಾಲಯಗಳನ್ನು ಹತ್ತಿಳಿದಿದೆ. 2022ರಲ್ಲಿ ಅಲ್ಲಿ ಗಣೇಶನ ಪ್ರತಿಷ್ಠಾಪನೆಯಾದಾಗ ಮತ್ತೆ ಎಲ್ಲರ ಕಣ್ಣು ಅದರ ಮೇಲೆ ಬಿದ್ದಿತು. ಆದರೂ ಆ ಹಬ್ಬ ಶಾಂತಿಯಿಂದ ಮುಗಿಯಿತೆಂಬುದನ್ನು ನೆನೆಯಬೇಕು.

ಅದೇ ವರ್ಷ ನವಲಗುಂದ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಜಾತ್ರೆಯ ಸಭೆಗೆ ನನ್ನನ್ನೂ ಕರೆದಿದ್ದರು. ಊರಿನ ಹೆಸರು ಬೇಡ. ಯಾವ ಊರಾದರೂ ಆದೀತು. ನಾಲ್ಕಾರು ತರುಣರು ಮೊಬೈಲು ಹಿಡಿದುಕೊಂಡು, ಈ ಸಲ ಸಾಬರಿಗೆ ಅಂಗಡಿ ಬೇಡವೆಂದರು. ಕಮಿಟಿಯ ಹಿರಿಯರೊಬ್ಬರು ಶರೀಫರ ಹೆಸರನ್ನು ಎತ್ತಲಿಲ್ಲ, ಪಂಪನನ್ನು ಕಾಣರು. ಅವರು ಕೇಳಿದ್ದು ಇಷ್ಟು: “ತಮ್ಮಾ, ನಮ್ಮೂರಾಗ ಬಳಿ ಇಡಸಾಕ ಯಾರ ಬರ್ತಾರ? ನೀ ಇಡಸ್ತಿಯೇನು? ಹೋದ ವರ್ಷ ತೇರಿನ ಗಾಲಿ ಕುಸದಾಗ ಜಾಕ್ ತಂದಾವ ಯಾರು? ಅವನ ಹೆಸರ ಹೇಳು, ಆಮ್ಯಾಲೆ ಬ್ಯಾಡ ಅನ್ನು.” ತರುಣನಿಗೆ ಹೆಸರು ಗೊತ್ತಿತ್ತು. ಹೇಳಿದ. ಹೇಳಿದ ಮೇಲೆ ‘ಬೇಡ’ ಎನ್ನಲು ಅವನ ಬಾಯಿ ಬರಲಿಲ್ಲ. ಅಂಗಡಿಗಳ ಪಟ್ಟಿ ಹಿಂದಿನಂತೆಯೇ ಓದಲ್ಪಟ್ಟಿತು. ನೆಲಬಾಡಿಗೆ ಐವತ್ತು ರೂಪಾಯಿ ಏರಿತು, ಅದು ಎಲ್ಲರಿಗೂ. ಸೌಹಾರ್ದ ಎಂಬ ಶಬ್ದ ಆ ಸಭೆಯಲ್ಲಿ ಒಮ್ಮೆಯೂ ಬರಲಿಲ್ಲ. ಆದರೆ ಅಲ್ಲಿ ನಡೆದಷ್ಟು ಸೌಹಾರ್ದದ ಕೆಲಸವನ್ನು ನಾನು ಯಾವ ಸಮ್ಮೇಳನದಲ್ಲಿಯೂ ಕಂಡಿಲ್ಲ.

ಆ ಹಿರಿಯರು ಮಾಡಿದ್ದೇನು? ‘ಸಾಬರು’ ಎಂಬ ಗುಂಪಿನ ಹೆಸರನ್ನು ತೆಗೆದು ಒಬ್ಬ ಮನುಷ್ಯನ ಹೆಸರನ್ನು ಎದುರಿಗಿಟ್ಟರು. ದ್ವೇಷಕ್ಕೆ ಗುಂಪು ಬೇಕು. ಹೆಸರಿನ ಎದುರು ಅದರ ಕಾಲು ನಡುಗುತ್ತದೆ. ಇನ್ನೊಂದು ಮಾತು. ಬಹಿಷ್ಕಾರ ನಮ್ಮ ಹಳ್ಳಿಗಳಿಗೆ ಹೊಸ ಶಬ್ದವಲ್ಲ. ಬಾವಿಯ ನೀರು ಕೇಳಿದ, ಗುಡಿಯ ಮೆಟ್ಟಿಲು ಹತ್ತಿದ ದಲಿತರ ಮೇಲೆ ಅದೇ ಆಯುಧವನ್ನು ಬೀಸಿದ ಊರುಗಳುಂಟು. ಕಿರಾಣಿ ಕೊಡಬೇಡಿ, ಹಿಟ್ಟಿನ ಗಿರಣಿಗೆ ಬಿಡಬೇಡಿ, ಕೂಲಿಗೆ ಕರೆಯಬೇಡಿ ಎಂಬ ಆ ಹಳೆಯ ಆಜ್ಞೆಯೇ ಇಂದು ಹೊಸ ಬಟ್ಟೆ ತೊಟ್ಟು ಬಂದಿದೆ. ಒಬ್ಬರ ಮೇಲೆ ಅದನ್ನು ಒಪ್ಪಿದ ಊರು ಇನ್ನೊಬ್ಬರ ಮೇಲೆ ಅದು ಬಂದಾಗ ಯಾವ ಬಾಯಿಂದ ಬೇಡವೆಂದೀತು? ಮುಸಲ್ಮಾನರ ಪರವಾಗಿ ಆಡುವ ಮಾತು ಕೇರಿಯ ಪರವಾಗಿಯೂ ಆಡಿದ ಮಾತಾಗದಿದ್ದರೆ ಅದರಲ್ಲಿ ಬಲವಿರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ತಪ್ಪು ಒಂದೇ ಕಡೆಯದೆ? ಮುಸಲ್ಮಾನರಲ್ಲಿ ತಪ್ಪು ಮಾಡುವವರಿಲ್ಲವೆ? ಇದ್ದಾರೆ. ನುಗ್ಗಿಕೇರಿಯ ಘಟನೆಯಾಗಿ ಒಂದೇ ವಾರದಲ್ಲಿ, 2022ರ ಏಪ್ರಿಲ್ 16ರ ರಾತ್ರಿ, ಮೊಬೈಲಿನಲ್ಲಿ ಹರಿದಾಡಿದ ಒಂದು ಚಿತ್ರಕ್ಕಾಗಿ ಹಳೇ ಹುಬ್ಬಳ್ಳಿಯ ಪೊಲೀಸ್ ಠಾಣೆಯ ಮೇಲೆ ಗುಂಪು ಕಲ್ಲು ತೂರಿತು; ಪೊಲೀಸರು ಗಾಯಗೊಂಡರು. ಅದನ್ನು ಸಮರ್ಥಿಸುವ ಮಾತೇ ಇಲ್ಲ. ದೇವರ ಮಾನವನ್ನು ಕಲ್ಲಿನಿಂದ ಕಾಯಲು ಹೊರಟವರು ತಮ್ಮ ನೆರೆಯವರ ನಂಬಿಕೆಯನ್ನು ಅಂದು ಒಡೆದರು. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಆರೋಪಿ ಮುಸಲ್ಮಾನ ತರುಣ. ಜಿಲ್ಲೆಯೇ ಕುದಿಯಿತು. ಆಗ ಧಾರವಾಡದ ಅಂಜುಮನ್ ಸಂಸ್ಥೆಯ ಕರೆಯಂತೆ ಮುಸಲ್ಮಾನ ವ್ಯಾಪಾರಿಗಳು ಅಂಗಡಿಗಳನ್ನು ಮುಚ್ಚಿ, ಹುಡುಗಿಗೆ ನ್ಯಾಯ ಸಿಗಬೇಕೆಂದು ಬೀದಿಗಿಳಿದರು. ಅದು ತೋರಿಕೆಯೆಂದು ಜರೆದವರೂ ಇದ್ದರು. ದುಃಖದ ಮನೆಗೆ ನೆರೆಯವರು ಬರುವುದನ್ನು ತೋರಿಕೆಯೆನ್ನುವ ಸಂಪ್ರದಾಯ ನಮ್ಮಲ್ಲಿ ಹಿಂದೆ ಇರಲಿಲ್ಲ.

ತಿಂಗಳು ತುಂಬುವುದರೊಳಗೆ ಅದೇ ಊರಿನಲ್ಲಿ ಇನ್ನೊಬ್ಬ ತರುಣಿಯ ಕೊಲೆಯಾಯಿತು. ಆ ಸಲದ ಆರೋಪಿ ಮುಸಲ್ಮಾನನಲ್ಲ. ಅವನ ಧರ್ಮದವರು ಉತ್ತರ ಹೇಳಬೇಕೆಂದು ಯಾರೂ ಕೇಳಲಿಲ್ಲ; ಕೇಳದೆ ಇದ್ದುದು ಸರಿಯೇ ಆಯಿತು. ಅಪರಾಧಕ್ಕೆ ಅಪರಾಧಿ ಹೊಣೆ, ಅವನ ಜಾತಿಯಲ್ಲ. ಈ ಸರಳ ನ್ಯಾಯ ಒಬ್ಬರಿಗೆ ಸಹಜವಾಗಿ ಸಿಕ್ಕು ಇನ್ನೊಬ್ಬರಿಗೆ ಬೇಡಿದರೂ ಸಿಗದಿದ್ದರೆ, ದ್ವೇಷವೆಂದು ನಾವು ಕರೆಯುವುದು ಅದನ್ನೇ. ಬೈಗುಳವೊಂದೇ ದ್ವೇಷವಲ್ಲ, ಎರಡು ಅಳತೆಗೋಲುಗಳನ್ನು ಇಟ್ಟುಕೊಳ್ಳುವುದೂ ದ್ವೇಷವೇ.

ಸರಕಾರ, ನ್ಯಾಯಾಲಯಗಳು ಕೈಕಟ್ಟಿ ಕುಳಿತಿಲ್ಲ. ದ್ವೇಷಭಾಷಣ ನಡೆದರೆ ದೂರಿಗಾಗಿ ಕಾಯದೆ ಪೊಲೀಸರೇ ಮೊಕದ್ದಮೆ ದಾಖಲಿಸಬೇಕೆಂದು 2022ರ ಅಕ್ಟೋಬರಿನಲ್ಲಿ ಮೂರು ರಾಜ್ಯಗಳಿಗೆ ಕೊಟ್ಟ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. 2025ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ದ್ವೇಷಭಾಷಣ ಹಾಗೂ ದ್ವೇಷಾಪರಾಧಗಳನ್ನು ತಡೆಯುವ ಮಸೂದೆಯನ್ನು ರಾಜ್ಯದ ಉಭಯ ಸದನಗಳು ಅಂಗೀಕರಿಸಿದವು. ಅದರಿಂದ ವಾಕ್‌ಸ್ವಾತಂತ್ರ್ಯಕ್ಕೆ ಅಪಾಯವಿದೆಯೆಂದು ವಿರೋಧಪಕ್ಷ ಆಕ್ಷೇಪಿಸಿತು. ಕಾನೂನು ಬೇಕು. ಆದರೆ ಕಾನೂನಿನ ಕೈ ಮಾತಾಡಿದವನ ಕೊರಳಿಗೆ ತಲಪಬಹುದು. ಕೇಳಿ ನಂಬಿದವನ ಎದೆಗೆ ಅದು ತಲಪುವುದಿಲ್ಲ. ಅಧಿಕಾರ ಯಾರ ಕೈಗೆ ಹೋದರೆ ಕಾನೂನು ಯಾರ ಮೇಲೆ ತಿರುಗುವುದೆಂದೂ ಹೇಳಬರುವುದಿಲ್ಲ. ಊರಿನ ಕೆಲಸವನ್ನು ಊರವರೇ ಮಾಡಬೇಕು.

ಆ ಕೆಲಸ ದೊಡ್ಡದೇನಲ್ಲ. ಜಾತ್ರಾ ಕಮಿಟಿಗಳು ಅಂಗಡಿ ಪಟ್ಟಿಯನ್ನು ತೇರಿಗೆ ತಿಂಗಳು ಮೊದಲೇ ಓದಿ ಮುಗಿಸಲಿ. ಹಿಂದಿನ ವರ್ಷ ಕೂತವರಿಗೆ ಈ ವರ್ಷವೂ ಜಾಗವೆಂಬುದನ್ನು ಠರಾವಿನಲ್ಲಿ ಬರೆದಿಡಲಿ. ಕೊನೆಯ ದಿನ ಬರುವ ಗುಂಪಿನ ಎದುರು ಬರೆದ ಠರಾವಿಗೆ ಇರುವ ಬಲ ಬಾಯಿಮಾತಿಗಿಲ್ಲ. ಉರುಸಿನ ಕಮಿಟಿಯಲ್ಲಿ ಹಿಂದೂಗಳು, ಜಾತ್ರೆಯ ಕಮಿಟಿಯಲ್ಲಿ ಮುಸಲ್ಮಾನರು ಹೆಸರಿಗಲ್ಲದೆ ಲೆಕ್ಕದ ವಹಿಯ ಹತ್ತಿರ ಕೂಡಲಿ. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಯಾವ ಊರು, ಯಾವ ದಿನ, ಕಂಡವರು ಯಾರು ಎಂಬ ಮೂರು ಪ್ರಶ್ನೆ ಕೇಳುವುದನ್ನು ಉಪಾಧ್ಯಾಯರು ಮಕ್ಕಳಿಗೆ ಕಲಿಸಲಿ. ಭಾಷೆಯ ಪಾಠದಲ್ಲಿ ಇದಕ್ಕಿಂತ ಉಪಯುಕ್ತವಾದ ಪಾಠ ಇಂದು ಮತ್ತೊಂದಿಲ್ಲ. ಮದುವೆಗೆ ಒಂದು ನವಲಗುಂದದ ಜಮಖಾನೆ ಕೊಳ್ಳಬಲ್ಲವರು ಕೊಳ್ಳಲಿ; ಅದರಿಂದ ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನು ಶರೀಫರ ಮಾತು. ಅವರನ್ನು ನಾವು ಇಂದು ಸುಲಭವಾಗಿ ಹಾಡುತ್ತೇವೆ. ಬದುಕಿದ್ದಾಗ ಅವರ ದಾರಿ ಸುಲಭವಾಗಿರಲಿಲ್ಲ. ಮುಸಲ್ಮಾನನನ್ನು ಮನೆಯೊಳಗೆ ಕರೆದ ಭಟ್ಟರನ್ನು ಅವರ ಕಡೆಯವರೂ, ಬ್ರಾಹ್ಮಣನ ಹಿಂದೆ ಹೋದ ಶರೀಫರನ್ನು ಇವರ ಕಡೆಯವರೂ ಬಿಡದೆ ಆಕ್ಷೇಪಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. 1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಧರ್ಮದ ವಿಧಿಗಳು ನಡೆದವಂತೆ. ಆ ಗುರುಶಿಷ್ಯರ ಕಾಲದಲ್ಲಿ ಸೌಹಾರ್ದದ ಸಭೆಗಳಿರಲಿಲ್ಲ, ಹಾರ ತುರಾಯಿಗಳಿರಲಿಲ್ಲ. ಇದ್ದದ್ದು ಒಂದು ಹೊಸ್ತಿಲು. ಅದನ್ನು ಒಬ್ಬರು ದಾಟಿಸಿಕೊಂಡರು, ಒಬ್ಬರು ದಾಟಿದರು. ಬರುವ ಫಾಲ್ಗುಣದಲ್ಲಿ ನಮ್ಮ ಊರುಗಳ ಜಾತ್ರೆಗಳು ಮತ್ತೆ ಮೊದಲಾಗುತ್ತವೆ. ಕಮಿಟಿಯವರು ಪಟ್ಟಿ ಹಿಡಿದು ಬಯಲಿನಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ, ಇಂಥವರ ಅಂಗಡಿ ಇಷ್ಟು ಅಡಿ ಎಂದು. ಕಳಸದ ಆ ಹೊಸ್ತಿಲು ಇನ್ನೂ ಗಟ್ಟಿಯಾಗಿದೆಯೇ ಎಂಬುದು ಆ ಸುಣ್ಣದ ಗೆರೆಗಳನ್ನು ನೋಡಿದರೆ ತಿಳಿಯುತ್ತದೆ.